ಗಣಕಯಂತ್ರದ ಕರೆಗಂಟೆಗಳು

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಗಣಕಯಂತ್ರದ ಒಳಗುಟ್ಟಿನ ಕುರಿತು ಬರೆಯಹೊರಟಿರುವುದನ್ನು ಕಂಡು ವಾಚಕರಲ್ಲಿ ಕೆಲವರಿಗೆ ಅಚ್ಚರಿಯಾದೀತು. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವನಿಗೆ ಈ ಗೊಡವೆ ಏಕೆಂದು ನನ್ನ ಗೆಳೆಯರೇ ಕೇಳಿದ್ದಾರೆ. ನನ್ನ ಉತ್ತರ ಇಷ್ಟೆ: ಕಳೆದ ಚೌತಿಯ ರಜೆಯಲ್ಲಿ ಹೊನ್ನಾವರದ ನನ್ನ ಸೋದರಮಾವನ ಮನೆಯ ಅಟ್ಟದಿಂದ ಒಂದು ಹಳೆಯ ಕಂಪ್ಯೂಟರನ್ನು ಕೆಳಗಿಳಿಸಿದೆನು. ಅದರ ಜೊತೆಗೆ ಇಪ್ಪತ್ತೈದು ವರ್ಷಗಳಿಂದ ಮನೆಯಲ್ಲಿ ಯಾರೂ ಎತ್ತದಿದ್ದ ಒಂದು ಮಾತೂ ಕೆಳಗಿಳಿಯಿತು. ಆ ಯಂತ್ರವು ಏಕೆ ಕೆಟ್ಟಿತು, ಅಥವಾ ಕೆಟ್ಟೇ ಇರಲಿಲ್ಲವೇ ಎಂಬುದು ನಾಲ್ಕು ದಿನ ನನ್ನ ನಿದ್ದೆಗೆಡಿಸಿದ ಪ್ರಶ್ನೆ. ಅದಕ್ಕೆ ದೊರೆತ ಉತ್ತರವನ್ನು ಇಲ್ಲಿ ತಿಳಿದಮಟ್ಟಿಗೆ ವಿವರಿಸಲು ಪ್ರಯತ್ನಿಸಿದ್ದೇನೆ.

ಮೊದಲು ಆ ಕಾಲದ ಸಂಗತಿಯನ್ನು ಸ್ವಲ್ಪ ನೆನೆಯಬೇಕು. ನಮ್ಮ ನಾಡಿನ ಹಳ್ಳಿಗಳಿಗೆ ತಕ್ಕ ಚಿಕ್ಕ ವಿದ್ಯುನ್ಮಾನ ದೂರವಾಣಿ ಕೇಂದ್ರವನ್ನು ಸಿ-ಡಾಟ್ ಸಂಸ್ಥೆಯು ರೂಪಿಸಿ, ಅದರಲ್ಲಿ ಮೊಟ್ಟಮೊದಲನೆಯದನ್ನು 1986ರಲ್ಲಿ ನಮ್ಮ ಕಿತ್ತೂರಿನಲ್ಲಿಯೇ ಸ್ಥಾಪಿಸಿತು. ಮುಂದಿನ ಕೆಲವೇ ವರ್ಷಗಳಲ್ಲಿ ಊರೂರಿನ ಬಸ್ ನಿಲ್ದಾಣದ ಎದುರು ಎಸ್.ಟಿ.ಡಿ. ಬೂತುಗಳ ಹಳದಿ ಫಲಕಗಳು ಕಾಣಿಸಿಕೊಂಡವು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ಟನ್ನು ತೆರೆಯಿತು. ಅದು ಮೊದಲು ದೊಡ್ಡ ನಗರಗಳಿಗೆ ಮಾತ್ರ. 1998ರಲ್ಲಿ ಕೊಂಕಣ ರೈಲು ಶರಾವತಿಯ ಮೇಲಿನ ಎರಡು ಕಿಲೋಮೀಟರು ಉದ್ದದ ಸೇತುವೆಯನ್ನು ದಾಟಿ ಮುಂಬಯಿ–ಮಂಗಳೂರುಗಳ ನಡುವೆ ಪೂರ್ತಿಯಾಗಿ ಓಡತೊಡಗಿದ ಹೊತ್ತಿಗೆ, ನಮ್ಮ ಕರಾವಳಿಯ ಪೇಟೆಗಳಲ್ಲಿಯೂ ಒಂದೊಂದು ಬೂತಿನ ಮೂಲೆಯಲ್ಲಿ ಒಂದೊಂದು ಕಂಪ್ಯೂಟರು ಬಂದು ಕುಳಿತಿದ್ದಿತು.

ಭಟ್ಕಳ, ಮುರುಡೇಶ್ವರ, ಹೊನ್ನಾವರ, ಕುಮಟೆಗಳಲ್ಲಿ ಇದಕ್ಕೆ ಬೇರೆಯೇ ಒಂದು ಮಹತ್ವವಿದ್ದಿತು. ಇಲ್ಲಿಯ ಎಷ್ಟೋ ಮನೆಗಳ ಗಂಡಸರು ದುಬೈ, ಸೌದಿಗಳಲ್ಲಿ ದುಡಿಯುವವರು. ಭಟ್ಕಳದ ನವಾಯತ ಮನೆಗಳಲ್ಲಂತೂ ಅದು ಸರ್ವಸಾಮಾನ್ಯ. ಪತ್ರ ಬರಲು ದಿನಗಟ್ಟಲೆ ಬೇಕು. ಅಂತರರಾಷ್ಟ್ರೀಯ ಕರೆಯ ಮೀಟರು ಓಡುವ ವೇಗವನ್ನು ನೋಡಿದರೆ ಮಾತಾಡುವವರ ಬಾಯಿ ಕಟ್ಟುತ್ತಿತ್ತು. ಇ-ಮೇಲ್ ಆದರೋ, ಪುಟಗಟ್ಟಲೆ ಬರೆದು ಎರಡು ಮೂರು ನಿಮಿಷದಲ್ಲಿ ಕಳಿಸಬಹುದಾಗಿತ್ತು. ನನ್ನ ಮಾವನ ಬೂತಿನಲ್ಲಿ ಕೆಲಸಕ್ಕಿದ್ದ ಮಂಕಿಯ ಕಡೆಯ ಹುಡುಗನೊಬ್ಬನು ತಾಯಂದಿರು ಹೇಳಿದ್ದನ್ನು ಇಂಗ್ಲಿಷಿನ ಅಕ್ಷರಗಳಲ್ಲಿ ಟೈಪು ಮಾಡಿ ಮಕ್ಕಳಿಗೆ ಕಳಿಸುತ್ತಿದ್ದನು. ಬಂದ ಉತ್ತರವನ್ನು ಓದಿ ಹೇಳುತ್ತಿದ್ದನು. ಅವನಿಗಾಗಿಯೇ ಬರುವ ಗಿರಾಕಿಗಳಿದ್ದರಂತೆ. "ಆ ಪೋರನ ಕೈ ಚಲೋದು" ಎಂದು ಅವರು ಹೇಳುತ್ತಿದ್ದುದನ್ನು ಮಾವನೇ ನನಗೆ ಹೇಳಿದ್ದಾರೆ.

ಮೊದಮೊದಲು ಈ ಕೆಲಸವು ಕಂಪ್ಯೂಟರಿನ ಹೊರಗೆ ಇಟ್ಟ ಒಂದು ಎರವಲು ಮೋಡೆಮಿನಿಂದ ನಡೆಯುತ್ತಿದ್ದಿತು. 1999ರ ಬೇಸಗೆಯಲ್ಲಿ ಅದನ್ನು ಹಿಂದಿರುಗಿಸಬೇಕಾಗಿ ಬಂದು, ಮಾವನು ಕಂಪ್ಯೂಟರಿನ ಒಳಗೇ ಕೂರಿಸುವ ಮೋಡೆಮ್ ಕಾರ್ಡೊಂದನ್ನು ಕೊಂಡುತಂದರು. ಅಂದಿನಿಂದ ತೊಂದರೆ ಪ್ರಾರಂಭವಾಯಿತು. ಡಯಲು ಮಾಡಿದ ಕೂಡಲೇ ಪರದೆಯ ಮೇಲಿನ ಮೌಸಿನ ಬಾಣವು ನಿಂತಲ್ಲಿಯೇ ಕಲ್ಲಾಗುವುದು. ಮೌಸನ್ನು ಅತ್ತಿತ್ತ ಎಳೆದಾಡಿದರೆ ಲೈನು ಕಡಿದುಹೋಗುವುದು. ದೂರದ ನಗರದ ನಂಬರಿಗೆ ಎಸ್.ಟಿ.ಡಿ. ಮಾಡಿಯೇ ಇಂಟರ್‌ನೆಟ್ಟನ್ನು ಸೇರಬೇಕಾಗಿದ್ದುದರಿಂದ, ಕೆಲಸವಾಗದಿದ್ದರೂ ದುಡ್ಡು ಮಾತ್ರ ಹೋಗುತ್ತಲೇ ಇದ್ದಿತು.

ಅದೇ ವಾರ ಮಳೆಗೆ ಮುಂಚಿನ ಗುಡುಗು ಮಿಂಚು ಬೇರೆ ಬಂದಿದ್ದಿತು. ಟೆಲಿಫೋನ್ ತಂತಿಯ ಮೂಲಕ ಸಿಡಿಲು ಹಾಯ್ದು ಮೋಡೆಮ್ ಸುಡುವುದು ನಮ್ಮ ಕಡೆ ಕಟ್ಟುಕಥೆಯೇನಲ್ಲ. ಆದುದರಿಂದ ಗುಡುಗಿದೊಡನೆ ಆ ತಂತಿಯನ್ನು ಕಿತ್ತಿಡಬೇಕೆಂಬುದು ಅಂಗಡಿಯ ಕಟ್ಟಳೆ. ಕಾರ್ಡು ಸುಟ್ಟಿದೆಯೆಂದು ನೋಡಿದವರೆಲ್ಲರೂ ಹೇಳಿದರು. ಹಾಗಾದರೆ ತಂತಿ ಕೀಳದೆ ಬಿಟ್ಟವರು ಯಾರು?

"ಮಿಂಚಿದ್ರೆ ವಾಯರ್ ತೆಗಿ ಅಂತ ಎಷ್ಟು ಸಲ ಹೇಳಿದ್ದೆ ನಿಂಗೆ?"

"ತೆಗ್ದಿದ್ದೆ ಅಣ್ಣಾ, ದೇವ್ರಾಣೆ."

ಅವನ ಆಣೆಯನ್ನು ಯಾರೂ ನಂಬಲಿಲ್ಲ. ಕಾರ್ಡಿನ ಬೆಲೆಯನ್ನು ಎರಡು ತಿಂಗಳ ಸಂಬಳದಲ್ಲಿ ಹಿಡಿಯುವುದೆಂದು ನಿರ್ಣಯವಾಯಿತು. ಅವನು ಮರುದಿನದಿಂದ ಅಂಗಡಿಗೆ ಬರಲಿಲ್ಲ. ಮುಂಬಯಿಯ ರೈಲು ಹತ್ತಿದನೆಂದು ಆಮೇಲೆ ತಿಳಿಯಿತು.

ಕತೆಯನ್ನು ಇಲ್ಲಿಗೆ ನಿಲ್ಲಿಸಿ, ಆ ಪೆಟ್ಟಿಗೆಯ ಒಳಗೆ ನಿಜವಾಗಿ ಏನು ನಡೆಯುತ್ತಿದ್ದಿತು ಎಂಬುದನ್ನು ನೋಡೋಣ.

ಕಂಪ್ಯೂಟರಿನ ನಡುವೆ ಇರುವ ಪ್ರೊಸೆಸರು ಒಂದು ಕಾಲಕ್ಕೆ ಒಂದೇ ಕೆಲಸ ಮಾಡತಕ್ಕದ್ದು. ಆದರೆ ಅದರ ಗಮನವನ್ನು ಬೇಡುವವರು ಹಲವರು. ಕೀಲಿಮಣೆಯಲ್ಲಿ ಒಂದು ಅಕ್ಷರ ಒತ್ತಿದರೆ ಅದನ್ನು ಎತ್ತಿಕೊಳ್ಳಬೇಕು. ಮೌಸು ಸರಿದರೆ ಬಾಣವನ್ನು ಸರಿಸಬೇಕು. ಮೋಡೆಮಿಗೆ ದೂರದಿಂದ ಅಕ್ಷರ ಬಂದರೆ ಅದು ಕಳೆದುಹೋಗುವ ಮೊದಲು ತೆಗೆದಿಡಬೇಕು. ಇದನ್ನು ನಮ್ಮ ಕಾಲೇಜಿನ ಉದಾಹರಣೆಯಿಂದಲೇ ಹೇಳುವುದಾದರೆ, ಪ್ರಾಚಾರ್ಯರ ಕೋಣೆಯ ಹೊರಗೆ ಸ್ಟೂಲಿನ ಮೇಲೆ ಕುಳಿತ ಜವಾನನನ್ನು ನೆನೆಯಿರಿ. ಅವನು ನಿಮಿಷಕ್ಕೊಮ್ಮೆ ಎದ್ದು ಕಚೇರಿ, ಗ್ರಂಥಾಲಯ, ಅಧ್ಯಾಪಕರ ಕೋಣೆಗಳನ್ನೆಲ್ಲ ಸುತ್ತಿ "ಏನಾದರೂ ಬೇಕೇ?" ಎಂದು ಕೇಳುತ್ತ ಹೋದರೆ ಇಡೀ ದಿನ ಸುತ್ತುವುದರಲ್ಲಿಯೇ ಕಳೆದೀತು, ಗ್ರಂಥಾಲಯದಲ್ಲಿ ಅವಸರದ ಕೆಲಸ ಬಿದ್ದಾಗ ಅವನು ಕಚೇರಿಯಲ್ಲಿ ಇದ್ದಾನು. ಅದರ ಬದಲು ಪ್ರತಿಯೊಂದು ಕೋಣೆಗೂ ಒಂದು ಕರೆಗಂಟೆಯನ್ನು ಕಟ್ಟಿ, ಬಾರಿಸಿದಾಗ ಮಾತ್ರ ಹೋಗುವಂತೆ ಮಾಡಿದರೆ ಎಲ್ಲರಿಗೂ ಸುಖ. ಅಷ್ಟರವರೆಗೆ ಅವನು ತನ್ನ ಮುಂದಿರುವ ಕಾಗದಗಳನ್ನು ಜೋಡಿಸುತ್ತ ಕುಳಿತಿರಬಹುದು.

ಈ ಗಂಟೆಗೆ ಕಂಪ್ಯೂಟರಿನ ಭಾಷೆಯಲ್ಲಿ ಇಂಟರಪ್ಟ್ ಎಂದು ಹೆಸರು. ನಡುವೆ ಬಾಯಿ ಹಾಕುವುದು ಎಂದೇ ಅದರ ಅರ್ಥ. ಗಂಟೆಯನ್ನು ಎಳೆಯುವ ತಂತಿಗೆ ಐ.ಆರ್.ಕ್ಯೂ. ಎಂಬ ಹೆಸರು ಇದೆ. 1981ರಲ್ಲಿ ಐ.ಬಿ.ಎಂ. ಕಂಪನಿಯು ಹೊರತಂದ ಪಿ.ಸಿ.ಯಲ್ಲಿ ಇಂಟೆಲ್ ಕಂಪನಿಯ 8259 ಎಂಬ ಒಂದು ಚಿಪ್ಪು ಈ ಗಂಟೆಗಳ ಮೇಲ್ವಿಚಾರಕನಾಗಿದ್ದಿತು. ಅದಕ್ಕೆ ಸೊನ್ನೆಯಿಂದ ಏಳರವರೆಗೆ ಎಂಟು ತಂತಿಗಳು. 1984ರ ಎ.ಟಿ. ಮಾದರಿಯಲ್ಲಿ ಇನ್ನೊಂದು 8259ನ್ನು ಸೇರಿಸಿ, ಅದನ್ನು ಮೊದಲನೆಯದರ 2ನೆಯ ತಂತಿಗೆ ಕಟ್ಟಿದರು. ಹೀಗೆ ಹದಿನಾರರಲ್ಲಿ ಒಂದು ತಂತಿ ಜೋಡಣೆಗೇ ಖರ್ಚಾಗಿ, ಉಳಿದುವು ಹದಿನೈದು. ಮುಂದೆ ಹಲವು ವರ್ಷಗಳವರೆಗೆ ಲೋಕದ ಬಹುಪಾಲು ಪಿ.ಸಿ.ಗಳು ಈ ಹದಿನೈದರಲ್ಲಿಯೇ ಸಂಸಾರ ಮಾಡಬೇಕಾಯಿತು.

ಗಂಟೆ ಬಾರಿಸಿದಾಗ ನಡೆಯುವ ಕ್ರಮವು ಸ್ವಾರಸ್ಯವಾಗಿದೆ. ಮೇಲ್ವಿಚಾರಕ ಚಿಪ್ಪು ಮೊದಲು ಆ ಗಂಟೆಗೆ ಅನುಮತಿ ಇದೆಯೇ, ಅದಕ್ಕಿಂತ ದೊಡ್ಡವರು ಯಾರಾದರೂ ಕರೆಯುತ್ತಿದ್ದಾರೆಯೇ ಎಂದು ನೋಡುತ್ತದೆ. ಆಮೇಲೆ ಪ್ರೊಸೆಸರಿಗೆ ಸೂಚನೆ ಕೊಡುತ್ತದೆ. ಪ್ರೊಸೆಸರು ತಾನು ಮಾಡುತ್ತಿದ್ದ ಒಂದು ಹೆಜ್ಜೆಯನ್ನು ಮುಗಿಸಿ, ಎಲ್ಲಿ ಬಿಟ್ಟೆನೆಂದು ಗುರುತಿಟ್ಟು, "ಕರೆದವರು ಎಷ್ಟನೆಯವರು?" ಎಂದು ಕೇಳುತ್ತದೆ. ಉತ್ತರವಾಗಿ ಒಂದು ಸಂಖ್ಯೆ ಬರುತ್ತದೆ. ಆ ಸಂಖ್ಯೆಗೆ ಎದುರಾಗಿ ಯಾವ ಕೋಣೆಗೆ ಹೋಗಬೇಕೆಂದು ಒಂದು ಪಟ್ಟಿಯಲ್ಲಿ ಬರೆದಿರುತ್ತದೆ. ಅದರಂತೆ ಅಲ್ಲಿಗೆ ಹೋಗಿ, ಕೆಲಸ ತೀರಿಸಿ, "ಆಯಿತು" ಎಂದು ಮೇಲ್ವಿಚಾರಕನಿಗೆ ತಿಳಿಸಿ, ಗುರುತಿಟ್ಟಲ್ಲಿಂದ ಹಳೆಯ ಕೆಲಸವನ್ನು ಮುಂದುವರಿಸುತ್ತದೆ. ಇದೆಲ್ಲವೂ ನಾವು ರೆಪ್ಪೆ ಮಿಟುಕಿಸುವುದರೊಳಗೆ ನೂರಾರು ಸಲ ನಡೆದುಹೋಗುತ್ತದೆ.

ಇಲ್ಲಿ ವಾಚಕರು ಒಂದು ಮಾತನ್ನು ಗಮನಿಸಬೇಕು. ಪಟ್ಟಿಯಲ್ಲಿ ಒಂದು ಗಂಟೆಗೆ ಎದುರಾಗಿ ಒಂದೇ ಕೋಣೆಯ ಹೆಸರು ಇರುವುದು. ಒಂದೇ ತಂತಿಗೆ ಗ್ರಂಥಾಲಯವನ್ನೂ ಕಚೇರಿಯನ್ನೂ ಕಟ್ಟಿದರೆ, ಗಂಟೆ ಕೇಳಿದ ಜವಾನನು ಪಟ್ಟಿಯಲ್ಲಿ ಕೊನೆಗೆ ಬರೆದಿರುವ ಕೋಣೆಗೇ ಹೋಗುತ್ತಾನೆ. ಅಲ್ಲಿ ಯಾರೂ ಕರೆದಿಲ್ಲವೆಂದು ಹಿಂದಿರುಗುತ್ತಾನೆ. ಕರೆದವರು ಇನ್ನೊಂದು ಕೋಣೆಯಲ್ಲಿ ಕಾಯುತ್ತಲೇ ಇರುತ್ತಾರೆ.

ಇದರ ಮೇಲೆ ಇನ್ನೊಂದು ಪೇಚು. ಹಳೆಯ ಕಂಪ್ಯೂಟರುಗಳ ಐ.ಎಸ್.ಎ. ಎಂಬ ಜೋಡಣೆಯಲ್ಲಿ, ಗುಂಡಿ ಒತ್ತಿದ ಆ ಕ್ಷಣಕ್ಕೆ ಮಾತ್ರ ಗಂಟೆ ಕೇಳಿಸುತ್ತದೆ. ಒತ್ತಿ ಹಿಡಿದರೆ ಮತ್ತೆ ಕೇಳಿಸದು. ಕರೆದವನು ತನ್ನ ಕೆಲಸವಾಗುವ ತನಕ ಗುಂಡಿಯನ್ನು ಬಿಡುವುದಿಲ್ಲ. ಆದುದರಿಂದ ಒಬ್ಬನು ಒತ್ತಿ ಹಿಡಿದಿರುವಾಗ ಅದೇ ತಂತಿಯ ಇನ್ನೊಬ್ಬನು ಎಷ್ಟು ಒತ್ತಿದರೂ ಸದ್ದಿಲ್ಲ. ಹೀಗೆ ಮೊದಲು ಒಬ್ಬನ ಕೆಲಸ ನಿಂತು, ಅವನು ಗುಂಡಿಯನ್ನು ಬಿಡದಿರುವುದರಿಂದ ಎರಡನೆಯವನ ಕೆಲಸವೂ ನಿಲ್ಲುತ್ತದೆ. ಮಾವನ ಅಂಗಡಿಯಲ್ಲಿ ಬಾಣವು ಕಲ್ಲಾದದ್ದೂ ಲೈನು ಕಡಿದದ್ದೂ ಇದೇ ರೀತಿ.

ಆದರೆ ಹದಿನೈದು ತಂತಿಗಳು ಇರುವಾಗ ಮೌಸಿಗೂ ಮೋಡೆಮಿಗೂ ಒಂದೇ ತಂತಿ ಏಕೆ ಬಂದಿತು? ಇದಕ್ಕೆ ಕಾರಣ ಹಳೆಯದೊಂದು ರೂಢಿ. ಮೋಡೆಮು ಎಂಬುದು ಕಂಪ್ಯೂಟರಿನ ಅಂಕೆಗಳನ್ನು ಟೆಲಿಫೋನ್ ತಂತಿಯಲ್ಲಿ ಹಾಯುವಂಥ ನಾದವನ್ನಾಗಿಯೂ ಆ ನಾದವನ್ನು ಮತ್ತೆ ಅಂಕೆಗಳನ್ನಾಗಿಯೂ ಮಾರ್ಪಡಿಸುವ ಸಾಧನ. ಅಂಕೆಗಳು ಒಂದರ ಹಿಂದೆ ಒಂದು ಸಾಲಾಗಿ ಹೋಗತಕ್ಕವು. ಇಂಥ ಸಾಲಿನ ಬಾಗಿಲುಗಳನ್ನು ಕಾಮ್ 1, ಕಾಮ್ 2 ಎಂದು ಕರೆಯುವರು. ಮೊದಲ ಪಿ.ಸಿ.ಯ ಕಾಲದಲ್ಲಿ ಕಾಮ್ 1ಕ್ಕೆ 4ನೆಯ ತಂತಿ, ಕಾಮ್ 2ಕ್ಕೆ 3ನೆಯ ತಂತಿ ಎಂದು ಗೊತ್ತುಮಾಡಿದರು. ಮುಂದೆ ಕಾಮ್ 3 ಮತ್ತು ಕಾಮ್ 4 ಎಂಬ ಬಾಗಿಲುಗಳು ಹುಟ್ಟಿದಾಗ ಹೊಸ ತಂತಿಗಳನ್ನು ಕೊಡದೆ, ಕಾಮ್ 3ನ್ನು 4ನೆಯ ತಂತಿಗೂ ಕಾಮ್ 4ನ್ನು 3ನೆಯದಕ್ಕೂ ಕಟ್ಟಿಬಿಟ್ಟರು. ಎರಡನ್ನೂ ಒಟ್ಟಿಗೆ ಬಳಸದಿದ್ದರೆ ತೊಂದರೆಯಿಲ್ಲ. ಆದರೆ ಕಾಮ್ 1ರಲ್ಲಿ ಮೌಸನ್ನೂ ಕಾಮ್ 3ರಲ್ಲಿ ಮೋಡೆಮನ್ನೂ ಇಟ್ಟವನ ಪಾಡೇನು? ಮೋಡೆಮ್ ಬಳಸುವಾಗ ಮೌಸನ್ನು ಮುಟ್ಟದೆ ಇರುವವರು ಯಾರು? ಒಬ್ಬನಿಗಾಗಿ ಕಟ್ಟಿದ ಮನೆಯಲ್ಲಿ ಅಣ್ಣತಮ್ಮಂದಿರ ಎರಡು ಸಂಸಾರ ಹೂಡಿದಂತೆ ಇದೂ ನಡೆದುಬಂದಿತು.

ಉಳಿದ ತಂತಿಗಳಾದರೂ ಬಿಡುವಾಗಿದ್ದುವೇ? ಮಾವನ ಯಂತ್ರದ ಮುಚ್ಚಳವನ್ನು ಬಿಚ್ಚಿದಾಗ ಅದರ ಒಳಬದಿಗೆ ಅಂಟಿಸಿದ ಒಂದು ಕಾಗದವನ್ನು ಕಂಡೆನು. ಕ್ಯಾಲೆಂಡರಿನ ಹಿಂಬದಿಯ ಹಾಳೆ; ಬಾಲ್‌ಪೆನ್ನಿನ ಬರವಣಿಗೆ; ಕೆಳಗಿನ ಭಾಗವನ್ನು ನಮ್ಮ ಮಳೆಗಾಲದ ಥಂಡಿ ತಿಂದಿದ್ದಿತು. ಅದರಲ್ಲಿ ಸೊನ್ನೆಯಿಂದ ಪ್ರಾರಂಭಿಸಿ ತಂತಿಗಳ ಜಾತಕವನ್ನೇ ಬರೆದಿದ್ದರು. 0 ಗಡಿಯಾರದ ಟಿಕ್ ಟಿಕ್, 1 ಕೀಲಿಮಣೆ, 2 ಜೋಡಣೆ, 3 ಮತ್ತು 4 ಕಾಮ್ ಬಾಗಿಲುಗಳು, 5 ಸದ್ದಿನ ಕಾರ್ಡು, 6 ಫ್ಲಾಪಿ, 7 ಪ್ರಿಂಟರು, 8 ತಾರೀಖಿನ ಗಡಿಯಾರ, 13 ಲೆಕ್ಕದ ಸಹಾಯಕ, 14 ಹಾರ್ಡ್ ಡಿಸ್ಕು, 15 ಸಿ.ಡಿ. ಹೆಸರಿಗೆ ಬಿಡುವಾಗಿದ್ದುವು 9ರಿಂದ 12ರವರೆಗಿನವು. ಆದರೆ ಆ ಕಾಲದ ಎಷ್ಟೋ ಮೋಡೆಮ್ ಕಾರ್ಡುಗಳು ಅಷ್ಟು ದೂರದ ತಂತಿಗಳನ್ನು ಮುಟ್ಟುವಂತೆ ಮಾಡಿರಲಿಲ್ಲ. 2ರಿಂದ 5ರವರೆಗೆ, ಹೆಚ್ಚೆಂದರೆ 7ರವರೆಗೆ ಮಾತ್ರ ಅವುಗಳ ಕೈ ಚಾಚುತ್ತಿದ್ದಿತು. ಎಲ್ಲ ಅಂಗಡಿಗಳಲ್ಲಿಯೂ ಜಗಳವು 3, 4, 5ರ ಸುತ್ತಲೇ ನಡೆಯುತ್ತಿದ್ದುದಕ್ಕೆ ಇದೇ ಕಾರಣ.

ಆ ಕಾಗದವನ್ನು ಬರೆದವರು ಯಾರೆಂದು ಮಾವನನ್ನು ಕೇಳಿದೆನು. ಕುಮಟೆಯ ಒಬ್ಬ ರೇಡಿಯೋ ರಿಪೇರಿಯವರಂತೆ. ಹುಡುಗನು ಹೋದ ಮೇಲೆ ಮಾವನು ಹುಬ್ಬಳ್ಳಿಯಿಂದ ಇನ್ನೊಂದು ಮೋಡೆಮ್ ಕಾರ್ಡನ್ನು ತರಿಸಿ ಕೂರಿಸಿದ್ದರು. ಹೊಚ್ಚ ಹೊಸದು. ಡಯಲು ಮಾಡಿದರೆ ಬಾಣವು ಮತ್ತೆ ಕಲ್ಲು! ಆಗ ಕರೆಸಿದ್ದು ಈ ರೇಡಿಯೋದವರನ್ನು. ಅವರು ಸ್ಕ್ರೂಡ್ರೈವರನ್ನು ಹೊರಗೆ ತೆಗೆಯುವ ಮೊದಲು ಮೌಸಿನ ತಂತಿಯನ್ನು ಹಿಂದಿನಿಂದ ಕಿತ್ತರು. ಯಂತ್ರವನ್ನು ಆರಿಸಿ ಹೊತ್ತಿಸಿ, ಬರಿಯ ಕೀಲಿಮಣೆಯಿಂದಲೇ ಡಯಲು ಮಾಡಿದರು. ಲೈನು ಹತ್ತಿತು, ನಿಂತಿತು, ಕಡಿಯಲಿಲ್ಲ. "ಕಾರ್ಡ್ ಸರಿಯೇ ಉಂಟು ಮಾರಾಯ್ರೇ. ಒಂದೇ ಗಂಟೆಗೆ ಇಬ್ಬರು ಜೋತುಬಿದ್ದಿದ್ದಾರೆ ಅಷ್ಟೆ" ಎಂದರು. ಮೇಲೆ ನಾನು ಹೇಳಿದ ಗಂಟೆಯ ಉಪಮೆಗೆ ಅವರೇ ಮೂಲ.

ಈ ಪರೀಕ್ಷೆಗೆ ಒಂದು ಕಾಸಿನ ಖರ್ಚಿಲ್ಲ. ಸಂದೇಹವಿರುವ ಇಬ್ಬರಲ್ಲಿ ಒಬ್ಬನನ್ನು ಹೊರಗೆ ಕಳಿಸಿ, ಇನ್ನೊಬ್ಬನು ಸರಿಹೋಗುತ್ತಾನೆಯೇ ಎಂದು ನೋಡುವುದು ಮಾತ್ರ. ಮೊದಲ ದಿನವೇ ಇದನ್ನು ಮಾಡಿದ್ದರೆ ಎರಡನೆಯ ಕಾರ್ಡನ್ನು ಕೊಳ್ಳಬೇಕಾಗಿರಲಿಲ್ಲ. ಮತ್ತೇನೇನು ಆಗಬೇಕಾಗಿರಲಿಲ್ಲ ಎಂಬುದನ್ನು ಮಾವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮುಂದಿನ ಕೆಲಸವು ಕಾರ್ಡಿನ ಮೇಲಿರುವ ಜಂಪರುಗಳನ್ನು ಬದಲಾಯಿಸುವುದು. ಜಂಪರು ಎಂದರೆ ಎರಡು ಚಿಕ್ಕ ಲೋಹದ ಕಡ್ಡಿಗಳನ್ನು ಕೂಡಿಸುವ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಟೊಪ್ಪಿಗೆ. ಯಾವ ಕಡ್ಡಿಗಳಿಗೆ ಟೊಪ್ಪಿಗೆ ಹಾಕಿದೆ ಎಂಬುದರ ಮೇಲೆ ಕಾರ್ಡಿನ ಬಾಗಿಲೂ ತಂತಿಯೂ ಗೊತ್ತಾಗುವುವು. ಚೂಪು ಮೂತಿಯ ಇಕ್ಕಳ, ಕಾರ್ಡಿನ ಜೊತೆಗೆ ಬಂದ ಪುಸ್ತಿಕೆ, ಒಳ್ಳೆಯ ಬೆಳಕು ಈ ಮೂರು ಬೇಕು. ಪುಸ್ತಿಕೆಯು ಸಾಮಾನ್ಯವಾಗಿ ಕಳೆದಿರುತ್ತದೆ. ರೇಡಿಯೋದವರು ಮೋಡೆಮನ್ನು ಕಾಮ್ 3ರಿಂದ ಕಾಮ್ 2ಕ್ಕೆ, ಅಂದರೆ 4ನೆಯ ತಂತಿಯಿಂದ 3ನೆಯದಕ್ಕೆ ಸರಿಸಿದರು. 5ನೆಯದರಲ್ಲಿ ಸದ್ದಿನ ಕಾರ್ಡು ಕುಳಿತಿದ್ದುದರಿಂದ ಅತ್ತ ಹೋಗುವಂತಿರಲಿಲ್ಲ. ಕಾಮ್ 4ನ್ನು ಅವರು ಬೇಕೆಂದೇ ಬಿಟ್ಟರು. ಅದರ ವಿಳಾಸವು ಆ ಕಾಲದ ಕೆಲವು ಚಿತ್ರದ ಕಾರ್ಡುಗಳ ವಿಳಾಸಕ್ಕೆ ತಾಗುತ್ತಿದ್ದುದುಂಟು.

ಈಗ ಬಾಣವು ಓಡಾಡಿತು. ಮೋಡೆಮು ಮಾತ್ರ ಮೂಕವಾಯಿತು!

ಇದು ಬೇರೆಯೇ ಜಗಳ. ಪ್ರತಿಯೊಂದು ಸಾಧನಕ್ಕೂ ಕರೆಯುವ ತಂತಿಯಲ್ಲದೆ ಒಂದು ವಿಳಾಸವೂ ಇರುತ್ತದೆ. ಪ್ರೊಸೆಸರು ತಾನಾಗಿ ಮಾತಾಡಿಸಬೇಕಾದಾಗ ಆ ವಿಳಾಸಕ್ಕೆ ಬರೆಯುತ್ತದೆ. ಯಂತ್ರದ ಮೂಲಹಲಗೆಯ ಮೇಲೆ ಹುಟ್ಟಿನಿಂದಲೇ ಒಂದು ಕಾಮ್ 2 ಇದ್ದಿತು. ಅದರ ಬಾಗಿಲಿಗೆ ಏನನ್ನೂ ಸಿಕ್ಕಿಸದಿದ್ದರೂ ಆ ವಿಳಾಸದಲ್ಲಿ ಅದು ಮನೆ ಮಾಡಿಕೊಂಡೇ ಇದ್ದಿತು. ಈಗ ಮೋಡೆಮೂ ಅಲ್ಲಿಗೇ ಬಂದಿತು. ಒಂದೇ ಮನೆ ನಂಬರಿನ ಎರಡು ಮನೆಗಳಿದ್ದರೆ ಅಂಚೆಯವನು ಏನು ಮಾಡಿಯಾನು? ಇದಕ್ಕೆ ಉಪಾಯವೆಂದರೆ ಹುಟ್ಟುಮನೆಯ ಬಾಗಿಲನ್ನು ಮುಚ್ಚುವುದು. ಯಂತ್ರವನ್ನು ಹೊತ್ತಿಸುವಾಗ ಡಿಲೀಟ್ ಕೀಲಿಯನ್ನು ಒತ್ತಿ, ಬಯಾಸ್ ಎಂಬ ಮೂಲವ್ಯವಸ್ಥೆಯನ್ನು ಹೊಕ್ಕು, ಎರಡನೆಯ ಸೀರಿಯಲ್ ಪೋರ್ಟ್ ಎಂಬಲ್ಲಿ "ಡಿಸೇಬಲ್ಡ್" ಎಂದು ಮಾಡಿದರು. ಆಮೇಲೆ ವಿಂಡೋಸ್ 95ಕ್ಕೂ ಹೊಸ ಏರ್ಪಾಡನ್ನು ತಿಳಿಸಿದರು. ಅಲ್ಲಿ ಸಾಧನಗಳ ಪಟ್ಟಿಯಲ್ಲಿ ಜಗಳವಿರುವ ಕಡೆ ಹಳದಿಯ ಬಿಂದುವಿನಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆ ಕಾಣಿಸುವುದು. ಆ ಚಿಹ್ನೆ ಮಾಯವಾಯಿತು. ರೇಡಿಯೋದವರು ತಂತಿಗಳ ಜಾತಕವನ್ನು ಬರೆದು ಮುಚ್ಚಳಕ್ಕೆ ಅಂಟಿಸಿ, ಚಹಾ ಕುಡಿದು ಕುಮಟೆಯ ಬಸ್ಸು ಹತ್ತಿದರು.

ಈ ತರದ ಜಂಜಾಟ ಬಹಳ ಕಾಲ ಉಳಿಯಲಿಲ್ಲವೆಂಬುದನ್ನೂ ಹೇಳಬೇಕು. 1993ರಷ್ಟು ಹಿಂದೆಯೇ, ಕಾರ್ಡುಗಳು ತಾವಾಗಿಯೇ ತಂತಿಗಳನ್ನು ಹಂಚಿಕೊಳ್ಳುವ 'ಪ್ಲಗ್ ಅಂಡ್ ಪ್ಲೇ' ಎಂಬ ಪದ್ಧತಿಯನ್ನು ರೂಪಿಸಿದ್ದರು. ಹಳೆಯ ಕಾರ್ಡುಗಳ ನಡುವೆ ಅದು ಒಮ್ಮೊಮ್ಮೆ ಇನ್ನಷ್ಟು ಗಲಿಬಿಲಿ ಮಾಡಿದ್ದುಂಟು. ಪಿ.ಸಿ.ಐ. ಜೋಡಣೆಯಲ್ಲಿ ಒಂದೇ ತಂತಿಯನ್ನು ಹಲವರು ಬಳಸಬಹುದು, ಅಲ್ಲಿ ಒತ್ತಿ ಹಿಡಿದಿರುವಷ್ಟು ಹೊತ್ತೂ ಗಂಟೆ ಕೇಳಿಸುತ್ತದೆ, ಜವಾನನು ಕೋಣೆ ಕೋಣೆಗೂ ಹೋಗಿ "ಕರೆದವರು ನೀವೋ?" ಎಂದು ವಿಚಾರಿಸುತ್ತಾನೆ. ಯು.ಎಸ್.ಬಿ. ಬಂದ ಮೇಲಂತೂ ಜನಸಾಮಾನ್ಯರು ಈ ಸಂಖ್ಯೆಗಳನ್ನು ಮರೆತೇಬಿಟ್ಟರು. ಇಂದು ನಮ್ಮ ಕಿಸೆಯ ಮೊಬೈಲಿನೊಳಗೂ ಇಂಟರಪ್ಟುಗಳು ಇವೆ, ಆದರೆ ನಮ್ಮನ್ನು ಕಾಡುವುದಿಲ್ಲ.

ಚೌತಿಯ ರಜೆಗೆ ಬರೋಣ. ಅಟ್ಟದಿಂದ ಇಳಿಸಿದ ಯಂತ್ರವನ್ನು ಒರೆಸಿ, ಉಪ್ಪುಗಾಳಿಗೆ ತುಕ್ಕು ಹಿಡಿದಿದ್ದ ತಿರುಪುಗಳನ್ನು ತೆಂಗಿನೆಣ್ಣೆಯಿಂದ ಸಡಿಲಿಸಿ, ಕೊನೆಗೊಮ್ಮೆ ಹೊತ್ತಿಸಿದೆನು. ಪರದೆಯ ಮೇಲೆ "ಸಿಮಾಸ್ ಚೆಕ್‌ಸಮ್ ಎರರ್" ಎಂಬ ದೂರು ಬಂದು, ತಾರೀಖು ಎಲ್ಲಿಗೋ ಹಿಂದೆ ಹೋಗಿದ್ದಿತು. ಆದರೂ ಹಾರ್ಡ್ ಡಿಸ್ಕು ತಿರುಗಿತು, ವಿಂಡೋಸ್ ತೆರೆಯಿತು, ಬಾಣ ಓಡಾಡಿತು. ಮೋಡೆಮನ್ನು ಮಾತಾಡಿಸಿದೆನು, ಉತ್ತರವಿಲ್ಲ. ಇಷ್ಟು ವರ್ಷದ ಮೇಲೆ ಇದಕ್ಕಿಂತ ಹೆಚ್ಚೇನು ನಿರೀಕ್ಷಿಸುವುದು, ಕಾರ್ಡು ಹಾಳಾಗಿದೆ ಎಂದುಕೊಂಡೆನು. ಮಾವನೂ ಹಾಗೆಯೇ ಹೇಳಿದರು. ಹೇಳಿದವರು ತಾವೇ ಸ್ವಲ್ಪ ತಡೆದರು. "ಹೋದ ಸಲವೂ ಹೀಗೇ ಅಂದಿದ್ದೆ ನಾನು" ಎಂದರು.

ಮುಚ್ಚಳದ ಕಾಗದವನ್ನು ಮತ್ತೊಮ್ಮೆ ಓದಿದೆನು. 3ನೆಯ ತಂತಿಯ ಎದುರು "ಮೋಡೆಮ್, ಬಯಾಸಿನಲ್ಲಿ ಕಾಮ್ 2 ಬಂದ್" ಎಂದು ಬರೆದಿದ್ದಿತು. ಬಯಾಸಿನೊಳಗೆ ಹೋಗಿ ನೋಡಿದರೆ ಕಾಮ್ 2 ಬಂದಾಗಿರಲಿಲ್ಲ! ಯಾರು ತೆರೆದರು? ಯಾರೂ ಅಲ್ಲ. ಬಯಾಸಿನ ಏರ್ಪಾಡುಗಳನ್ನು ನೆನಪಿಟ್ಟುಕೊಳ್ಳುವುದಕ್ಕೆ ಮೂಲಹಲಗೆಯ ಮೇಲೆ ರೂಪಾಯಿ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ. ಅದು ಎಂದೋ ಸತ್ತಿದ್ದಿತು. ಅದರೊಡನೆ ರೇಡಿಯೋದವರು ಮಾಡಿದ ಏರ್ಪಾಡೂ ಸತ್ತು, ಯಂತ್ರವು ತನ್ನ ಹುಟ್ಟುಗುಣಕ್ಕೆ ಹಿಂದಿರುಗಿ, ಹುಟ್ಟುಮನೆಯ ಬಾಗಿಲನ್ನು ತಾನೇ ತೆರೆದುಕೊಂಡಿದ್ದಿತು. ಪೇಟೆಯಿಂದ 2032 ನಂಬರಿನ ಬ್ಯಾಟರಿಯನ್ನು ತಂದು ಹಾಕಿ, ಕಾಮ್ 2ನ್ನು ಮತ್ತೆ ಮುಚ್ಚಿದೆನು. ವಿಂಡೋಸಿನ ಹೈಪರ್ ಟರ್ಮಿನಲ್ಲಿನಲ್ಲಿ ಎ, ಟಿ ಎಂಬ ಎರಡಕ್ಷರ ಒತ್ತಿ ಎಂಟರ್ ಹೊಡೆದೆನು. 'ಗಮನ ಕೊಡು' ಎಂಬರ್ಥದ ಇಂಗ್ಲಿಷ್ ಪದದ ಸಂಕ್ಷೇಪವದು. 1981ರಲ್ಲಿ ಹೇಯ್ಸ್ ಕಂಪನಿಯ ಮೋಡೆಮಿನೊಡನೆ ರೂಢಿಗೆ ಬಂದ ಆಜ್ಞೆ. ಪರದೆಯ ಮೇಲೆ "ಓಕೆ" ಎಂದು ಮೂಡಿತು.

ಇಲ್ಲಿಗೆ ಮುಗಿಯಿತೆಂದು ನಾನು ಮುಚ್ಚಳ ಮುಚ್ಚುತ್ತಿದ್ದಾಗ ಮಾವನು ಒಳಗೆ ಹೋಗಿ ಮೇಜಿನ ಖಾನೆಯಿಂದ ಒಂದು ಪೊಟ್ಟಣವನ್ನು ತಂದರು. ಅದರಲ್ಲಿ ಮೊದಲನೆಯ ಕಾರ್ಡು ಇದ್ದಿತು. ಸಿಡಿಲು ತಿಂದಿತೆಂದ ಕಾರ್ಡು. ಅದರ ಜಂಪರು ಇನ್ನೂ ಕಾಮ್ 3ರಲ್ಲಿಯೇ ಇದ್ದಿತು. ಅದನ್ನು ಕಾಮ್ 2ಕ್ಕೂ 3ನೆಯ ತಂತಿಗೂ ಸರಿಸಿ, ಎರಡನೆಯ ಕಾರ್ಡನ್ನು ತೆಗೆದು ಅದರ ಜಾಗದಲ್ಲಿ ಕೂರಿಸಿದೆನು. ಎ, ಟಿ, ಎಂಟರ್. "ಓಕೆ."

ಆದರೆ ಇದು ಪೂರ್ತಿ ಸಾಕ್ಷಿಯಲ್ಲ. ಸಿಡಿಲು ಬರುವುದು ಟೆಲಿಫೋನಿನ ಕಡೆಯಿಂದ. ಕಂಪ್ಯೂಟರಿನ ಕಡೆಯ ಭಾಗ ಬದುಕಿದ್ದು ತಂತಿಯ ಕಡೆಯ ಭಾಗ ಮಾತ್ರ ಸುಟ್ಟಿರುವ ಸಂಭವವೂ ಉಂಟು. ಮಾವನ ಮನೆಯಲ್ಲಿ ಸ್ಥಿರ ದೂರವಾಣಿ ಇನ್ನೂ ಜೀವಂತವಾಗಿದೆ. ಅದರ ತಂತಿಯನ್ನು ಕಾರ್ಡಿಗೆ ಸಿಕ್ಕಿಸಿ, ಡಯಲಿಗೆ ಆಜ್ಞೆ ಕೊಟ್ಟು ಮಾವನ ಮೊಬೈಲಿನ ನಂಬರನ್ನು ಹೊಡೆದೆನು. ಆಗಲಿಲ್ಲ. ಮಾವನ ಮುಖ ನೋಡುವಂತಿದ್ದಿತು. ಆಮೇಲೆ ನೆನಪಾಯಿತು: 2021ರ ಜನವರಿಯಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡಲು ಮುಂದೆ ಒಂದು ಸೊನ್ನೆ ಬೇಕು. ಪಾಪ, ಆ ಕಾರ್ಡಿಗೆ ಅದು ಹೇಗೆ ಗೊತ್ತಾಗಬೇಕು! ಸೊನ್ನೆ ಸೇರಿಸಿ ಮತ್ತೆ ಹೊಡೆದೆನು. ಕಾರ್ಡಿನೊಳಗಿನಿಂದ ಡಯಲಿನ ಸದ್ದು ಟುಯ್ ಟುಯ್ ಎಂದು ಕೇಳಿಸಿತು. ನಾನು ಮೌಸನ್ನು ಮೇಜಿನ ತುಂಬ ಎಳೆದಾಡಿದೆನು. ಬಾಣವು ಸರಾಗವಾಗಿ ಓಡಿತು. ಅಷ್ಟರಲ್ಲಿ ಮಾವನ ಅಂಗಿಯ ಕಿಸೆಯಲ್ಲಿ ಫೋನು ರಿಂಗಾಯಿತು. ಹೊರತೆಗೆದು ನೋಡಿದರೆ ಅವರದೇ ಮನೆಯ ನಂಬರು.

ಅವರು ಎತ್ತಲಿಲ್ಲ. ರಿಂಗಾಗುವಷ್ಟು ಆಗಲೆಂದು ಕೈಯಲ್ಲಿ ಹಿಡಿದೇ ನಿಂತಿದ್ದರು. ಮೋಡೆಮು ಕಾಯುವಷ್ಟು ಕಾದು, "ನೋ ಕ್ಯಾರಿಯರ್" ಎಂದು ಬರೆದು ಸುಮ್ಮನಾಯಿತು.

"ಅವ್ನ ಅಣ್ಣ ಮಂಕಿಯಲ್ಲೇ ಇದ್ದಾನೆ. ಅವನ ಹತ್ರ ನಂಬರ್ ಇದ್ದೀತು" ಎಂದರು.

ಮರುದಿನ ಬೆಳಿಗ್ಗೆ ಮಾವನು ಆ ಕಾರ್ಡನ್ನು ಕಾಗದದಲ್ಲಿ ಸುತ್ತಿಕೊಂಡು ಭಟ್ಕಳದ ಬಸ್ಸು ಹತ್ತಿದರು. ಟಿಕೇಟು ಮಂಕಿಗೆ.